ಬೋಸಾ ನೋವಾಗೆ ಶುಂಠಿ ಕಷಾಯ

ಕುಣಿಗಲ್ಲಿನ ಚೌಟ್ರಿಯೊಂದರಲ್ಲಿ ರಿಸೆಪ್ಷನ್. ಆರ್ಕೆಸ್ಟ್ರಾದಲ್ಲಿ ಬರೀ ಗಿಟಾರ್ ನುಡಿಸ್ತಿದ್ದ ನನಗೆ ಅವತ್ತು ಮೊದಲ ಸಲ ಹಾಡೋ ಚಾನ್ಸ್ ಸಿಕ್ಕಿತ್ತು. ಬೋಸಾ ನೋವಾ ಅನ್ನೋ ಸಂಗೀತ ಶುರು ಮಾಡಿದ ಬ್ರೆಜಿಲ್ ಗಾಯಕನೊಬ್ಬ ಕಿವಿಯಲ್ಲಿ ಗುಟ್ಟು ಹೇಳೋ ಹಾಗೆ ಮೆಲ್ಲಗೆ ಹಾಡಿಯೇ ಜೀವಮಾನವೆಲ್ಲ ಹೆಸರು ಮಾಡಿದ. ನಾನೂ ಹಾಗೇ ಹಾಡಿದೆ.

ಮೈಕಿನವನು ಎದ್ದು ವೈರ್ ಅಲ್ಲಾಡಿಸಿ ನೋಡಿದ. ಜನ ಸುಮ್ಮನಾದರು. ಮೆಚ್ಚಿದರೋ, ಹಾಡು ಶುರುವಾಗಲಿ ಅಂತ ಕಾಯ್ತಿದ್ದಾರೋ, ತಿಳೀಲಿಲ್ಲ. ಅಷ್ಟರಲ್ಲಿ ಹೆಣ್ಣಿನ ಅಜ್ಜಿ ಲೋಟ ಹಿಡಿದು ಸ್ಟೇಜಿಗೇ ಬಂದರು.

"ಶುಂಠಿ ಕಷಾಯ ಕಣಪ್ಪ. ಗಂಟಲು ಕಟ್ಟಿದ್ರೂ ಬಂದಿದೀಯಲ್ಲ, ಪಾಪ."

"ಗಂಟಲು ಚೆನ್ನಾಗಿದೆ ಅಜ್ಜಿ, ಈ ಹಾಡೇ ಹಿಂಗೆ."

"ಆಯ್ತು ಬುಡು, ಕುಡಿ ಮೊದ್ಲು."

ಕುಡಿದೆ. ಏನು ಮಾಡಬೇಕೋ ತೋಚದೆ ಸಿನಿಮಾ ಹಾಡೊಂದನ್ನ ಕಿರುಚಿದೆ. ಜನರೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು, ಅಜ್ಜಿ ಕಡೆ ತಿರುಗಿ.