ಮಾವ ಗಲ್ಲಾ ಬಿಟ್ಟೆದ್ದ ದಿನ

ನನ್ನ ಮಾವ ಉಡುಪಿ ಕಡೆಯವರು. ಠಾಣೆ ಸ್ಟೇಷನ್ನಿನ ಪಕ್ಕದ ಹೋಟೆಲೊಂದರ ಗಲ್ಲಾದಲ್ಲಿ ಹರೆಯದಲ್ಲಿ ಕೂತವರು, ಕೂದಲು ಬೆಳ್ಳಗಾದ ಮೇಲೂ ಅಲ್ಲೇ ಕೂತಿದ್ದರು. ಹೋಟೆಲು ಅವರದ್ದಲ್ಲ, ದೂರದ ಸಂಬಂಧಿಯೊಬ್ಬರದ್ದು. ಆದರೂ ಆ ಗಲ್ಲಾಪೆಟ್ಟಿಗೆಯನ್ನು ಸ್ವಂತ ಮಗುವಿನಂತೆ ಕಾಯುತ್ತಿದ್ದರು. ನಾನು ಮೈಸೂರಿನವಳು. ಮದುವೆಯಾಗಿ ಡೊಂಬಿವಲಿಗೆ ಬಂದದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ಕೋಪರಖೈರಣೆಯ ಆಫೀಸಿನಿಂದ ಮರಳುವಾಗ ಠಾಣೆಯಲ್ಲಿ ರೈಲುಗಾಡಿ ಬದಲಿಸಬೇಕಿತ್ತು. ಹಸಿವಾದ ದಿನ ಮಾವನ ಹೋಟೆಲಿಗೆ ನುಗ್ಗಿ, ಗಲ್ಲಾದ ಎದುರಿನ ಮೇಜಿನಲ್ಲೇ ಕೂತು, ಎರಡು ಇಡ್ಲಿ ತಿಂದು ಬರುತ್ತಿದ್ದೆ.

ಆಗ ನೋಡಿದ್ದು ಇದು. ಮಾವ ಗಲ್ಲಾ ಬಿಟ್ಟು ಏಳುತ್ತಲೇ ಇರಲಿಲ್ಲ. ಕಾಲು ಅಲ್ಲಾಡಿಸುವರು, ತುಟಿ ಕಚ್ಚುವರು, ನೀರಿನ ಲೋಟವನ್ನು ದೂರ ಸರಿಸುವರು, ಆದರೆ ಏಳುವುದಿಲ್ಲ. ಸಂಜೆ ಹೋಟೆಲಿನ ಧಣಿಗಳು ಬಂದು, "ನಾನು ಗಲ್ಲಾ ನೋಡ್ತೇನೆ, ನೀವು ಹೋಗಿ ಬನ್ನಿ" ಎಂದಾಗ ಮಾತ್ರ ಏಳುತ್ತಿದ್ದರು. ಬರೀ ಬಾಯಿಮಾತು ಸಾಲದು. ಧಣಿಗಳು ಆ ಕುರ್ಚಿಯಲ್ಲಿ ಪೂರ್ತಿ ಕೂತು, ಪೆಟ್ಟಿಗೆಯ ಮೇಲೆ ಕೈ ಇಡಬೇಕು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಮಾವ ಹಿಂದಿನ ಬಾಗಿಲಾಚೆಯ ಶೌಚಾಲಯಕ್ಕೆ ಓಡುತ್ತಿದ್ದದ್ದು. ವಾಪಸು ಬಂದವರು ಮೇಜನ್ನು ಎರಡು ಸಲ ಬೆರಳಿನಿಂದ ತಟ್ಟುತ್ತಿದ್ದರು. ಧಣಿಗಳು ಎದ್ದು ಜಾಗ ಬಿಡುತ್ತಿದ್ದರು.

"ಇದೇನು ಮಾವ, ಸಿಂಹಾಸನ ಕಾಯೋ ಹಾಗೆ!" ಎಂದು ನಾನು ನಗಾಡಿದರೆ, "ಗಲ್ಲಾ ಖಾಲಿ ಬಿಡ್ಲಿಕ್ಕಿಲ್ಲ ಮಗಾ. ನಿಂಗೆ ಗೊತ್ತಾಗುದಿಲ್ಲ" ಎನ್ನುತ್ತಿದ್ದರು. ನಿಜ, ನನಗೆ ಗೊತ್ತಾಗಲಿಲ್ಲ. ಹಟಮಾರಿ ಮುದುಕ ಎಂದುಕೊಂಡು ಇಡ್ಲಿ ಮುಗಿಸಿ ಗಾಡಿ ಹಿಡಿಯುತ್ತಿದ್ದೆ.

ವರ್ಷಗಳು ಉರುಳಿ, ಮಾವನಿಗೆ ಎಪ್ಪತ್ತು ದಾಟಿದ ಮೇಲೆ, ಒಂದು ಬೆಳಿಗ್ಗೆ ಅವರಿಗೆ ಮೂತ್ರ ಬರುವುದೇ ನಿಂತುಹೋಯಿತು. ಹೊಟ್ಟೆಯ ಕೆಳಭಾಗ ಉಬ್ಬಿ ಕಲ್ಲಿನಂತಾಗಿತ್ತು. ಬಚ್ಚಲಿನ ಬಾಗಿಲು ಹಿಡಿದು ನಿಂತವರು ನೋವಿಗೆ ಮಾತನಾಡಲಾರದೆ ಕೈಸನ್ನೆ ಮಾಡುತ್ತಿದ್ದರು. ಕಲ್ಯಾಣದ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಕ್ಯಾಥೆಟರ್ ಎಂಬ ನಳಿಗೆ ಹಾಕಿದರು. ಅದರ ತುದಿಗೆ ಕಟ್ಟಿದ ಚೀಲ ನೋಡನೋಡುತ್ತಿದ್ದಂತೆ ತುಂಬಿತು, ಮಾವನ ಮುಖದ ಗಂಟು ಸಡಿಲವಾಯಿತು. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ, ಮಾತ್ರೆ ಕೊಡುತ್ತೇನೆ ಎಂದರು ಡಾಕ್ಟರು. ಜೊತೆಗೆ, ವರ್ಷಾನುಗಟ್ಟಲೆ ಮೂತ್ರ ಹಿಡಿದಿಟ್ಟು ಮೂತ್ರಕೋಶ ಜೋತುಬಿದ್ದಿರಬಹುದು, ಅದಕ್ಕೆ ಮತ್ತೆ ಹಿಂಡುವ ಶಕ್ತಿ ಬರುತ್ತದೋ ಇಲ್ಲವೋ ಕಾದು ನೋಡಬೇಕು ಎಂದೂ ಹೇಳಿದರು. ಹೋಟೆಲಿನ ಕುರ್ಚಿ ನನ್ನ ಕಣ್ಣ ಮುಂದೆ ಬಂದು ಹೋಯಿತು.

ಚೀಲ ತೂಗುಹಾಕಿಕೊಂಡು ಮನೆಗೆ ಬಂದ ಮಾವ ಬೇರೆಯೇ ಮನುಷ್ಯರಾದರು. ಹೋಟೆಲು ಬಿಟ್ಟರು. ಕಟ್ಟಡದ ಕೆಳಗಿನ ಕಟ್ಟೆಯ ಹರಟೆ ಬಿಟ್ಟರು. ಬಾಲ್ಕನಿಯಲ್ಲಿ ಲುಂಗಿಯ ಮರೆಯಲ್ಲಿ ಚೀಲ ಅವಿತಿಟ್ಟು ಕೂರುತ್ತಿದ್ದರು. "ಇದನ್ನು ಕಟ್ಟಿಕೊಂಡು ನಾನು ಯಾರ ಎದುರು ಹೋಗ್ಲಿ? ತೆಗೀಲಿಕ್ಕೆ ಹೇಳು ಮಗಾ" ಎಂದು ನನ್ನನ್ನೇ ಕೇಳುವರು, ತೆಗೆಯುವುದು ನನ್ನ ಕೈಯಲ್ಲೇ ಇದೆ ಎಂಬಂತೆ. ಅತ್ತೆ ಹಳೆಯ ರೇಷ್ಮೆ ರವಿಕೆ ಬಿಚ್ಚಿ ಆ ಚೀಲಕ್ಕೊಂದು ಗವಸು ಹೊಲಿದರು, ಜರಿಯ ಅಂಚಿನ ಸಮೇತ. ಅದನ್ನು ನೋಡಿ ನನಗೆ ನಗು ಬಂತು, ಅಯ್ಯೋ ಎಂದೂ ಅನಿಸಿತು.

ಒಂದು ಶನಿವಾರ ಸಂಜೆ ನಮ್ಮ ಮನೆಯಲ್ಲಿ ಭಜನೆ. ಡೊಂಬಿವಲಿಯಲ್ಲಿರುವ ಉಡುಪಿ ಕಡೆಯವರೆಲ್ಲ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ಅವರ ಹಳೆಯ ವಾಡಿಕೆ. ನಮ್ಮ ಸರದಿ ಬಂದಾಗ, ಬೇಡ ಎಂದರೆ ಜನ ಕಾರಣ ಕೇಳುತ್ತಾರೆ ಎಂದು ಅತ್ತೆ ಕರೆದೇಬಿಟ್ಟರು. ಮಾವನನ್ನು ನಡುಮನೆಯ ಮಂಚದಲ್ಲಿ ದಿಂಬಿಗೆ ಒರಗಿಸಿ ಕೂರಿಸಿದರು. ಚೀಲ ಕೆಳಗೆ ನೇತಾಡಿದರೆ ಎಲ್ಲರ ಕಣ್ಣಿಗೆ ಬೀಳುತ್ತದೆ. ದೇವರ ಫೋಟೋದ ಎದುರು ಅದು ಕಾಣುವುದಂತೂ ಅತ್ತೆಗೆ ಸುತರಾಂ ಸಾಧ್ಯವಿಲ್ಲ. ಹಾಗಾಗಿ ಅದನ್ನೆತ್ತಿ ಮಂಚದ ಮೇಲೆ, ದಿಂಬಿನ ಪಕ್ಕ ಇಟ್ಟು, ಮೇಲೆ ಶಾಲು ಹೊದಿಸಿದರು. ನಾನು ಅಡುಗೆಮನೆಯಲ್ಲಿ ಪ್ರಸಾದದ ಅವಲಕ್ಕಿ ಕಲಸುತ್ತಿದ್ದೆ. ಭಜನೆ, ಮಂಗಳಾರತಿ, ಪ್ರಸಾದ, ಆಮೇಲೆ ಊರ ಸುದ್ದಿ. ಶಾಲು ಅಲ್ಲೇ ಇತ್ತು.

ಮರುದಿನ ಮಾವನಿಗೆ ಮೈ ನಡುಗಿಸುವ ಜ್ವರ ಬಂತು. ನಳಿಗೆಯಲ್ಲಿ ಬರುತ್ತಿದ್ದದ್ದು ಕದಡಿದ ಗಂಜಿಯಂತೆ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಸಿಸ್ಟರ್ ಎಲ್ಲ ವಿಚಾರಿಸಿ, ಚೀಲವನ್ನು ಹೊಟ್ಟೆಗಿಂತ ಮೇಲೆ ಇಟ್ಟಿದ್ದಿರಾ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೇ ಇರಬೇಕು, ಮೇಲೆ ಇಟ್ಟರೆ ಹೊರಗೆ ಬಂದದ್ದು ಹಿಂದಕ್ಕೆ ಹರಿದು ಕ್ರಿಮಿ ಒಳಗೆ ಸೇರುತ್ತದೆ ಎಂದು ಸಿಸ್ಟರ್ ಅರೆ ಮರಾಠಿ ಅರೆ ಹಿಂದಿಯಲ್ಲಿ ಬೈದರು. ಡೊಂಬಿವಲಿಯಲ್ಲಿ ಆಟೋ ಇಳಿಯುವಾಗ ಅತ್ತೆ, "ದೇವರಿಗೆ ಕಾಣಬಾರದು ಅಂತ ಮಾಡಿದೆ. ದೇವರಿಗೆ ಕಾಣುದಿಲ್ವಾ ಅದು, ಶಾಲು ಹೊದಿಸಿದ್ರೆ?" ಎಂದರು. ಆ ಮಾತಿಗೆ ನನಗೆ ಅವರ ಮೇಲಿದ್ದ ಕೋಪವೆಲ್ಲ ಇಳಿದುಹೋಯಿತು.

ಜ್ವರ ಬಿಟ್ಟ ಮೇಲೆ ಹೊಸ ನಮೂನೆಯ ಚೀಲ ಬಂತು. ಅದರ ಮುಂಭಾಗದಲ್ಲಿ ಗೆರೆ ಹಾಕಿದ ಪಾರದರ್ಶಕ ಡಬ್ಬಿ. ಗಂಟೆಗೆಷ್ಟು ಬಂತು, ಬಣ್ಣ ಹೇಗಿದೆ ಎಂದು ಅದರಲ್ಲೇ ನೋಡಬಹುದು. ಹೋಟೆಲಿನಲ್ಲಿ ಹಾಲಿನ ಅಳತೆ ನೋಡಿ ಅಭ್ಯಾಸವಿದ್ದ ಮಾವ ಬಗ್ಗಿ ಬಗ್ಗಿ ಆ ಗೆರೆಗಳನ್ನು ನೋಡುವರು. ಕಡಿಮೆ ಕಂಡರೆ ತಾವೇ ನೀರು ಕೇಳಿ ಕುಡಿಯುವರು. ಜರಿಯ ಗವಸನ್ನು ಅತ್ತೆ ಕಪಾಟಿಗೆ ಸೇರಿಸಿದರು.

ನಳಿಗೆ ತೆಗೆದು ನೋಡುವ ಮೊದಲ ಪರೀಕ್ಷೆಗೆ ನನ್ನ ಗಂಡ ಕರೆದುಕೊಂಡು ಹೋದರು. ಅವರ ಫ್ಯಾಕ್ಟರಿ ವಾಗ್ಳೆ ಎಸ್ಟೇಟ್‌ನಲ್ಲಿ. ಆವತ್ತು ರಜೆ ಹಾಕಿದ್ದರು. ಬೆಳಿಗ್ಗೆ ನಳಿಗೆ ತೆಗೆದರು, ನೀರು ಕುಡಿಸಿದರು, ಮಧ್ಯಾಹ್ನದವರೆಗೂ ಕಾದರು. ಮಾವನಿಗೆ ಬರಲೇ ಇಲ್ಲ. ಮತ್ತೆ ನಳಿಗೆ ಹಾಕಿ ಕಳಿಸಿದರು. ಆವತ್ತು ಮಾವ ಊಟ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದರು. ಎರಡನೆಯ ಸಲವೂ ಹೀಗೇ ಆದರೆ ಹೊಕ್ಕುಳ ಕೆಳಗೆ ತೂತು ಮಾಡಿ ಅಲ್ಲಿಂದ ಶಾಶ್ವತವಾಗಿ ನಳಿಗೆ ಹಾಕಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು.

ಎರಡನೆಯ ಪರೀಕ್ಷೆಗೆ ನಾನು ಹೋದೆ. ಹೋಗುವಾಗ ನನಗೂ ಭಯವಿತ್ತು, ಸುಳ್ಳು ಏಕೆ ಹೇಳಲಿ. ಇನ್ನು ಜೀವಮಾನವಿಡೀ ಆ ಬಾಲ್ಕನಿ, ಆ ಲುಂಗಿಯ ಮರೆ ಎಂದು ನೆನೆಸಿದರೇ ಸಂಕಟವಾಗುತ್ತಿತ್ತು. ನಳಿಗೆ ತೆಗೆದ ಮೇಲೆ ಕಾರಿಡಾರಿನ ಕುರ್ಚಿಯಲ್ಲಿ ಕೂತೆವು. ಮಾವ ಲೋಟದ ಮೇಲೆ ಲೋಟ ನೀರು ಕುಡಿದರು.

ಸಿಸ್ಟರ್ ಆಗಾಗ ಬಂದು, "ಆಜೋಬಾ, ಲಘವೀ ಆಲೀ ಕಾ?" ಎಂದು, ಅಜ್ಜನಿಗೆ ಮೂತ್ರ ಬಂತೇ ಎಂದು, ವಿಚಾರಿಸುವರು.

"ನಾಹೀ ಸಿಸ್ಟರ್" ಎನ್ನುವರು ಮಾವ. ನನ್ನತ್ತ ತಿರುಗಿ, "ಬರುವ ಹಾಗೆ ಅನಿಸುದೇ ಇಲ್ಲ ಮಾರಾಯ್ತಿ. ಸತ್ತುಹೋಗಿದೆ ಅದು" ಎನ್ನುವರು.

ಆಸ್ಪತ್ರೆಗೆ ಆಗಷ್ಟೇ ಒಂದು ಹೊಸ ಯಂತ್ರ ಬಂದಿತ್ತು. ಬ್ಲ್ಯಾಡರ್ ಸ್ಕ್ಯಾನರ್. ತಳ್ಳುಗಾಡಿಯ ಮೇಲೆ ಸಣ್ಣ ಪರದೆ, ವಯರಿನ ತುದಿಯಲ್ಲಿ ಮುಷ್ಟಿಯಷ್ಟು ದಪ್ಪದ ಹಿಡಿಕೆ. ಮೊದಲಾದರೆ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಮತ್ತೆ ನಳಿಗೆಯನ್ನೇ ತೂರಿಸಬೇಕಿತ್ತಂತೆ. ಈಗ ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚಿ ಹಿಡಿಕೆ ಒತ್ತಿದರೆ ಸಾಕು, ಪರದೆಯಲ್ಲಿ ಅಂಕಿ ಬೀಳುತ್ತದೆ. ಮಾವನನ್ನು ಬಟ್ಟೆಯ ತೆರೆಯ ಹಿಂದೆ ಮಲಗಿಸಿ ಸಿಸ್ಟರ್ ಒತ್ತಿದರು. ಐನೂರು ಮಿಲಿಲೀಟರಿನ ಹತ್ತಿರ ತೋರಿಸಿತು.

"ಇಷ್ಟು ತುಂಬಿದೆ, ಆದ್ರೂ ಅವಸರ ಅನಿಸ್ತಿಲ್ವಾ ಇವರಿಗೆ?" ಎಂದು ಸಿಸ್ಟರ್ ಹಿಂದಿಯಲ್ಲಿ ಕೇಳಿದರು. ಇನ್ನು ಸ್ವಲ್ಪ ಹೊತ್ತು ನೋಡಿ, ಬರದಿದ್ದರೆ ನಳಿಗೆ ಹಾಕಲೇಬೇಕು ಎಂದು ಹೇಳಿ ಹೋದರು.

ನಾವು ಮತ್ತೆ ಕುರ್ಚಿಗೆ ಬಂದೆವು. ಆಗ ನಾನು ಮಾವನನ್ನು ಸರಿಯಾಗಿ ನೋಡಿದೆ. ಅವರ ಕಾಲು ಅಲ್ಲಾಡುತ್ತಿತ್ತು. ತುಟಿ ಕಚ್ಚಿಕೊಂಡಿದ್ದರು. ನೀರಿನ ಲೋಟವನ್ನು ದೂರ ಸರಿಸಿದ್ದರು. ತೊಡೆಯ ಮೇಲೆ ರಿಪೋರ್ಟು, ಮಾತ್ರೆ, ದುಡ್ಡು ಎಲ್ಲ ಇದ್ದ ಕಪ್ಪು ರೆಕ್ಸಿನ್ ಬ್ಯಾಗು, ಅದರ ಮೇಲೆ ನನ್ನ ಪರ್ಸು. ಎರಡರ ಮೇಲೂ ಅವರ ಎರಡು ಕೈಗಳು ಬಿಗಿಯಾಗಿ ಕೂತಿದ್ದವು. ಬೆಳಿಗ್ಗೆಯಿಂದ ಆ ಬ್ಯಾಗನ್ನು ಅವರು ಕೆಳಗಿಟ್ಟಿರಲಿಲ್ಲ. ಸ್ಕ್ಯಾನಿಗೆ ಮಲಗಿದಾಗಲೂ ಪಕ್ಕಕ್ಕೆ ಒತ್ತಿಕೊಂಡಿದ್ದರು. ಹೋದ ಸಲ ಗಂಡನ ಜೊತೆ ಬಂದಾಗಲೂ ಇದೇ ಬ್ಯಾಗು ಇವರ ತೊಡೆಯ ಮೇಲೇ ಇದ್ದಿರಬೇಕು.

ಅಯ್ಯೋ ದೇವರೇ, ಇವರು ಗಲ್ಲಾದಲ್ಲಿ ಕೂತಿದ್ದಾರೆ ಎಂದುಕೊಂಡೆ.

ಬ್ಯಾಗು ಕೊಡಿ ಎಂದು ಬಾಯಲ್ಲಿ ಹೇಳಿದರೆ ಕೊಡುವವರಲ್ಲ. ನಾನು ಎದ್ದು ಅವರ ಮುಂದೆ ನಿಂತೆ. "ಮಾವ, ಏಳಿ. ನಾನು ಗಲ್ಲಾ ನೋಡ್ಕೋತೀನಿ, ನೀವು ಹೋಗ್ಬನ್ನಿ" ಎಂದೆ.

ಅವರು ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದರೇನೋ. ನಾನು ನಗಲಿಲ್ಲ. ಅವರು ನಿಧಾನವಾಗಿ ಎದ್ದರು. ನಾನು ಅದೇ ಕುರ್ಚಿಯಲ್ಲಿ ಪೂರ್ತಿ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಅವರಿಗೆ ಕಾಣುವ ಹಾಗೆ ಎರಡೂ ಕೈ ಅದರ ಮೇಲಿಟ್ಟೆ. ಅವರು ಕಣ್ಣಾರೆ ನೋಡಿದರು. ಆಮೇಲೆ, ಎಪ್ಪತ್ತು ದಾಟಿದ ಮನುಷ್ಯ, ಕಾರಿಡಾರಿನ ಕೊನೆಯ ಬಾಗಿಲಿಗೆ ಅಕ್ಷರಶಃ ಓಡಿದರು.

ನಾನು ಬ್ಯಾಗಿನಿಂದ ಕೈ ತೆಗೆಯದೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಕೊನೆಗೆ ಒಳಗಿಂದ ಬಕೆಟ್ಟಿಗೆ ನೀರು ಬಿಟ್ಟ ಸದ್ದು ಕೇಳಿತು. ಮಾವ ಪಂಚೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಬಂದವರು ನನ್ನ ಕುರ್ಚಿಯ ಕೈಯನ್ನು ಎರಡು ಸಲ ಬೆರಳಿನಿಂದ ತಟ್ಟಿದರು. ನಾನು ಎದ್ದು ಜಾಗ ಬಿಟ್ಟೆ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅವರು ಅದನ್ನು ನೋಡಿ, "ಅಳುದೆಂತಕ್ಕೆ? ಬಂತಲ್ಲ!" ಎಂದು ಗದರಿದರು.

ಸಿಸ್ಟರ್ ಮತ್ತೆ ಯಂತ್ರ ತಳ್ಳಿಕೊಂಡು ಬಂದರು. ಲೋಳೆ, ಹಿಡಿಕೆ, ಪರದೆ. ಈ ಸಲ ಬ್ಯಾಗು ನನ್ನ ಕೈಯಲ್ಲಿತ್ತು. ಎಂಬತ್ತು ಎಂದು ಅಂಕಿ ಬಿತ್ತು. ನೂರರ ಒಳಗಿದ್ದರೆ ಒಳ್ಳೆಯದು, ಇನ್ನು ನಳಿಗೆ ಬೇಡ ಎಂದರು ಡಾಕ್ಟರು. ಮಾತ್ರೆ ಮುಂದುವರಿಸಿ, ವಾರ ಬಿಟ್ಟು ಬಂದು ಮತ್ತೆ ಸ್ಕ್ಯಾನ್ ಮಾಡಿಸಿ, ಯಾವ ಕಾರಣಕ್ಕೂ ಹಿಡಿದಿಟ್ಟುಕೊಳ್ಳಬೇಡಿ. ಕೊನೆಯ ಮಾತನ್ನು ಅವರು ನನಗೂ ಕೇಳುವಂತೆ ಎರಡು ಸಲ ಹೇಳಿದರು. ಮಾವ ಪರದೆಯನ್ನೇ ನೋಡುತ್ತಿದ್ದರು. "ಎಂಬತ್ತಾ? ಹಾಗಾದ್ರೆ ಸತ್ತಿಲ್ಲ ಅದು" ಎಂದರು. ಆ ಯಂತ್ರಕ್ಕೆ ಕೈಮುಗಿಯಬೇಕು ಅನಿಸಿತು ನನಗೆ.

ಆಟೋ ಬೇಡ, ಗಾಡಿಯಲ್ಲೇ ಹೋಗೋಣ ಎಂದು ಮಾವ ಹಟ ಹಿಡಿದರು. ಚೀಲವಿಲ್ಲದೆ ಜನರ ನಡುವೆ ನಡೆಯುವ ಆಸೆ ಎಂದು ನನಗೆ ಅರ್ಥವಾಯಿತು. ಕಲ್ಯಾಣ ಸ್ಟೇಷನ್ನಿನಲ್ಲಿ ಆ ಜನಜಂಗುಳಿಯ ನಡುವೆ ಒಂದು ಕೈ ಬೀಸಿಕೊಂಡು ನನಗಿಂತ ಮುಂದೆ ನಡೆದರು. ಬ್ಯಾಗು ಮತ್ತೆ ಅವರ ಕಂಕುಳಿಗೆ ಸೇರಿತ್ತು. ನಾನು ಕೇಳಲು ಹೋಗಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಬೆಂಚು ಸಿಕ್ಕಿತು. ನಮ್ಮ ಗಾಡಿ ಬರುತ್ತಿದೆ ಎಂದು ಘೋಷಣೆ ಆಯಿತು. ಜನ ಅಂಚಿಗೆ ಸರಿದರು, ನಾನೂ ಎದ್ದೆ. ಆಗ ಮಾವ ನನ್ನ ಸೆರಗು ಹಿಡಿದು ಜಗ್ಗಿದರು. ಕಂಕುಳ ಬ್ಯಾಗು ತೆಗೆದು ತಾವಾಗಿಯೇ ನನ್ನ ಕೈಗೆ ಕೊಟ್ಟರು.

"ಇಕೊ, ಹಿಡ್ಕೊ ಮಗಾ. ನಾನು ಒಂದು ಸಲ ಹೋಗಿ ಬರ್ತೇನೆ."

ನಾನು ಕೂತೆನೋ ಇಲ್ಲವೋ ಎಂದು ತಿರುಗಿಯೂ ನೋಡದೆ ಅವರು ಹೊರಟರು. ಗಾಡಿ ಬಂತು, ನಿಂತಿತು, ಜನ ಹತ್ತಿದರು. ಖಾಲಿ ಸೀಟೂ ಇತ್ತು. ನಾನು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲೇ ಕೂತು, ಆ ಗಾಡಿಯನ್ನು ಹಾಯಾಗಿ ಹೋಗಲು ಬಿಟ್ಟೆ.