ತಂಗಿ ಕಳಿಸಿದ ಪದ

ತಂಗಿ ಮದ್ದೂರಿಗೆ ಮದುವೆಯಾಗಿ ಹೋದಾಗಿನಿಂದ ನಮ್ಮಿಬ್ಬರಿಗೂ ಒಂದು ಚಟ. ಯಾರಿಗೂ ಗೊತ್ತಿಲ್ಲದ ಹೊಸ ಹಾಡನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಒಬ್ಬರಿಗೊಬ್ಬರು ಫೋನಿಗೆ ಕಳಿಸುವುದು. ನಾನು ಕಳಿಸಿದ್ದೆಲ್ಲ ಮುದುಕೀರ ಹಾಡು ಅಂತ ಅವಳು ಹೀಗಳೆಯುತ್ತಾಳೆ. ಅವಳು ಕಳಿಸಿದ್ದು ತಗಡು ಬಡಿದ ಹಾಗಿದೆ ಅಂತ ನಾನು ಬೈಯುತ್ತೇನೆ. ಬೈದರೂ ಪೂರ್ತಿ ಕೇಳುತ್ತೇನೆ.

ಅವಳು ತುಂಬು ಬಸುರಿಯಾಗಿದ್ದಾಗ ಒಂದು ದಿನ ಬೆಳಗ್ಗೆ, ನಾನು ಕೆಲಸಕ್ಕೆ ವಿ.ಸಿ. ಫಾರಂ ಬಸ್ಸಿನಲ್ಲಿ ಕೂತಿದ್ದಾಗ, ಹಾಡೊಂದು ಬಂತು. ಯಾರೋ ಹೊಸ ಹುಡುಗರದಂತೆ. ಮಗುವಿಗೂ ದಿನಾ ಕೇಳಿಸುತ್ತಿದ್ದೇನೆ ಅಂತ ಕೆಳಗೆ ಬರೆದಿದ್ದಳು. ಮೊದಲು ಗಿಟಾರು, ಆಮೇಲೆ ಡ್ರಮ್ಮು, ಅದರ ನಡುವೆ ಎಲ್ಲಿಂದಲೋ ರೆಕಾರ್ಡು ಮಾಡಿ ತಂದ ಮುದುಕಿಯೊಬ್ಬಳ ದನಿ. ಎರಡು ಸಾಲು ಕೇಳುವಷ್ಟರಲ್ಲಿ ಇಯರ್‌ಫೋನು ಕಿತ್ತುಹಾಕಿದೆ.

ನಮ್ಮ ಕೆರಗೋಡಿನ ಕಡೆ ಜಗುಲಿಯ ಮೇಲೆ ಹೆಣ ಕೂರಿಸಿ ಹೆಂಗಸರು ಹಾಡಿಕೊಂಡು ಅಳುವ ಧಾಟಿ ಅದು. ಸಾವಿನ ದಿನ ಬಿಟ್ಟರೆ ಅದನ್ನು ಯಾರೂ ಗುನುಗುವುದೂ ಇಲ್ಲ. ಚಿಕ್ಕವಳಿದ್ದಾಗ ಪಾತ್ರೆ ಬೆಳಗುತ್ತಾ ಒಮ್ಮೆ ಗುನುಗಿದ್ದಕ್ಕೆ ಅಜ್ಜಿ ಬೆನ್ನಿಗೆ ಒಂದು ಬಿಟ್ಟಿದ್ದಳು. ಬಸುರಿಯರನ್ನಂತೂ ಸಾವಿನ ಮನೆಯ ಬೀದಿಗೂ ಬಿಡುವುದಿಲ್ಲ. ಇವಳು ನೋಡಿದರೆ ಅದನ್ನೇ ಹೊಟ್ಟೆಯ ಮಗುವಿಗೆ ಕೇಳಿಸುತ್ತಾ ಕೂತಿದ್ದಾಳೆ! ನಮ್ಮವ್ವ ತೀರಿಕೊಂಡಾಗ ನಾನು ಅದನ್ನು ಪಕ್ಕದಲ್ಲೇ ಕೂತು ಕೇಳಿದ್ದೆ. ತಂಗಿ ತೀರಾ ಸಣ್ಣವಳು ಅಂತ ಎದುರುಮನೆಯವರು ಎತ್ತಿಕೊಂಡು ಹೋಗಿದ್ದರು. ಪಾಪ, ಅವಳಿಗೇನು ಗೊತ್ತು ಅಂದುಕೊಂಡೆ.

ನಾನು ವಿ.ಸಿ. ಫಾರಂನ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡುವವಳು. ಶಕುನ ಗಿಕುನ ನಂಬುವುದಿಲ್ಲ ಅಂತ ಕಂಡಕಂಡವರ ಹತ್ತಿರ ವಾದ ಮಾಡಿದವಳು. ಆ ಬೆಳಗ್ಗೆ ವಾದವೆಲ್ಲ ಎಲ್ಲಿ ಹೋಯಿತೋ. ಹೇಳಿದರೆ ಅವಳು ಹೆದರುತ್ತಾಳೆ, ಹೇಳದಿದ್ದರೆ ಹಾಡು ಮೊಳಗುತ್ತಲೇ ಇರುತ್ತದೆ. ಬರೆದೆ, ಅಳಿಸಿದೆ. ಕೊನೆಗೆ ಚೆನ್ನಾಗಿಲ್ಲ, ಬೇರೆ ಹಾಕ್ಕೊ ಅಂತಷ್ಟೇ ಕಳಿಸಿದೆ. ಅವಳು ನಾಲಗೆ ಚಾಚಿದ ಮುಖದ ಗೊಂಬೆ ಕಳಿಸಿದಳು.

ಮಧ್ಯಾಹ್ನ ಅವಳ ಅತ್ತೆಯ ಫೋನು ಬಂತು. "ಬೆಳಗ್ಗಿಂದ ಹೊಟ್ಟೇಲಿ ಮಗ ಮಿಸುಕಾಡಿಲ್ವಂತೆ ಕಣಮ್ಮ. ಆಸ್ಪತ್ರೆಗೆ ಓಯ್ತಾ ಇದೀವಿ, ನೀನೂ ಬಂದ್ಬುಡು."

ಮಂಡ್ಯದಲ್ಲಿ ಮದ್ದೂರಿನ ಬಸ್ಸು ಹತ್ತಿದ್ದು ನೆನಪಿಲ್ಲ. ಗೆಜ್ಜಲಗೆರೆ ದಾಟುವಷ್ಟರಲ್ಲಿ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತಾಗಿತ್ತು. ಬೆಳಗ್ಗೆಯೇ ಬಾಯಿಬಿಟ್ಟು ಹೇಳಬೇಕಿತ್ತು ಅಂತ ನನ್ನನ್ನೇ ಬೈದುಕೊಂಡೆ.

ನರ್ಸು ಅವಳ ಹೊಟ್ಟೆಗೆ ಜೆಲ್ಲು ಸವರಿ, ಎದೆಬಡಿತ ಕೇಳಿಸುವ ಯಂತ್ರ ಇಟ್ಟಳು. ಬರೀ ಗರಗರ. ಸ್ವಲ್ಪ ಸರಿಸಿದಳು. ಆಗಲೂ ಗರಗರ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಆಮೇಲೆ, ಇನ್ನೂ ಕೆಳಗೆ, ಎಡಕ್ಕೆ, ಡಬಡಬ ಅಂತ ಕೇಳಿಸಿತು. ಮಗು ಚೆನ್ನಾಗಿದೆ, ಆದರೂ ಡಾಕ್ಟರು ಸಂಜೆ ಇನ್ನೊಮ್ಮೆ ನೋಡುತ್ತಾರೆ ಅಂದಳು ನರ್ಸು.

ಅತ್ತೆ ಕಾಫಿ ತರಲು ಹೋದದ್ದೇ ತಡ, ದಿಂಬಿನ ಪಕ್ಕದಲ್ಲಿದ್ದ ತಂಗಿಯ ಫೋನು ಕಿತ್ತುಕೊಂಡೆ. ಆ ಹಾಡನ್ನು ಅಳಿಸಿಹಾಕದೆ ನನಗೆ ಸಮಾಧಾನವಿರಲಿಲ್ಲ. ಅವಳು ನನ್ನ ಮಣಿಕಟ್ಟು ಹಿಡಿದಳು. ಇನ್ನು ತಡೆಯಲಾಗದೆ, ಅದು ಎಂಥ ಪದ, ಯಾವಾಗ ಹಾಡುತ್ತಾರೆ, ಎಲ್ಲ ಕಕ್ಕಿಬಿಟ್ಟೆ. ಅವಳು ಗಾಬರಿಯಾಗಲಿಲ್ಲ.

"ಗೊತ್ತು ಕಣಕ್ಕ," ಅಂದಳು. "ಅವ್ವ ತೀರ್ಕೊಂಡ್ ದಿನ ಎದುರುಮನೆ ಕಿಟಕೀಲಿ ನಿಂತ್ಕೊಂಡು ಕೇಳಿದ್ದೆ. ನಿಂಗಾದ್ರೆ ಅವ್ವ ಮಲಗುಸ್ವಾಗ ಹಾಡ್ತಿದ್ದ ಜೋಗುಳ ಗ್ಯಾಪಕ ಅದೆ. ನಂಗೆ ಅವ್ವಂದು ಅಂತ ಇರೋದು ಇದೊಂದೇ ಪದ. ನನ್ ಮಗೀಗೆ ಇನ್ಯಾವ್ದು ಕೇಳುಸ್ಲಿ?"

ನನ್ನ ಹೆದರಿಕೆ ಹೋಗಿರಲಿಲ್ಲ. ಆದರೂ ಹಾಡನ್ನು ಅಳಿಸದೆ ಫೋನನ್ನು ಅವಳ ಕೈಗೇ ವಾಪಸ್ಸು ಕೊಟ್ಟೆ.