ತಳ ಕಾಣದ ಬಾಟಲಿ

ನಮ್ಮ ಹೆರಿಗೆ ವಾರ್ಡಿನಲ್ಲಿ ಗಾಯ ಒರೆಸಿ ಪಟ್ಟಿ ಕಟ್ಟುತ್ತಿದ್ದ ಹೆಂಗಸನ್ನು ಎಲ್ಲರೂ ಘಾಟಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಔಷಧದ ನೀರಿನಲ್ಲೇ ಕೈಯಾಡಿಸಿ ಅವಳ ಮೈಗೂ ಆ ಘಾಟು ಹತ್ತಿತ್ತು. ಸೊಳ್ಳೆ ಕೂಡ ಅವಳ ಹತ್ತಿರ ಸುಳಿಯುವುದಿಲ್ಲ ಎಂದು ನಾವು ನರ್ಸುಗಳು ನಗುತ್ತಿದ್ದೆವು.

ಅವಳ ಅಚ್ಚುಕಟ್ಟಿಗೆ ಹೆಸರಿಡುವಂತಿರಲಿಲ್ಲ. ಚಾಳಿ ಮಾತ್ರ ಒಂದಿತ್ತು. ನೀರು ಬೆರೆಸಿದ ಔಷಧದ ಬಾಟಲಿಯನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಕುದಿಸಿ, ಆಮೇಲೆ ತುಂಬಬೇಕು. ಅವಳೋ ಅರ್ಧಕ್ಕಿಳಿದ ಕೂಡಲೇ ಮೇಲಿಂದ ಹೊಸದನ್ನು ಸುರಿಯುವಳು. ಹಿಂದೊಮ್ಮೆ ಔಷಧ ಮುಗಿದು, ಬಾಣಂತಿಯೊಬ್ಬಳ ಗಾಯವನ್ನು ಹಾಗೇ ಬಿಡಬೇಕಾಗಿತ್ತಂತೆ. ಅಂದಿನಿಂದ ಬಾಟಲಿಯ ತಳ ಕಂಡರೆ ಅವಳಿಗೆ ಜೀವ ಹೋದಂತಾಗುತ್ತಿತ್ತು. ತೊಳೆದೇ ತುಂಬು ಎಂದು ನಾನೊಮ್ಮೆ ಹೇಳಿಯೂ ನೋಡಿದೆ.

"ಕ್ರಿಮಿ ಕೊಲ್ಲೋ ಔಷಧಾನ ಇಟ್ಟಿರೋ ಬಾಟಲಿ ಇದು. ಇದನ್ನ ಯಾರಾದ್ರೂ ತೊಳೀತಾರಾ?" ಅಂದಳು.

ನನಗೂ ನಗು ಬಂತು. ನನ್ನ ಪಾಳಿಯಲ್ಲಿ ಹದಿನಾರು ಹಾಸಿಗೆಗೆ ನಾನೊಬ್ಬಳೇ, ಸುಮ್ಮನಾಗಿಬಿಟ್ಟೆ. ಹಾಗೆ ಸುಮ್ಮನಿದ್ದದ್ದಕ್ಕೆ ಇಂದಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಆ ವರ್ಷ ಅವಳ ತಂಗಿ ನಮ್ಮಲ್ಲೇ ಹೆರಿಗೆಗೆ ಬಂದಳು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಘಾಟಕ್ಕನೇ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರು. ಆಪರೇಷನ್ ಮಾಡಿ ಹೆಣ್ಣುಮಗುವನ್ನು ತೆಗೆದರು, ಮಗು ಗುಂಡುಗುಂಡಾಗಿತ್ತು. ಮೂರನೆಯ ದಿನ ತಂಗಿಯ ಹೊಲಿಗೆಯ ಅಂಚು ಕೆಂಪಾಯಿತು. ಐದನೆಯ ದಿನ ಕೀವು, ಮೈ ಸುಡುವ ಜ್ವರ. ಉಳಿದವರ ಗಾಯವನ್ನು ದಿನಕ್ಕೆರಡು ಸಲ ಒರೆಸುತ್ತಿದ್ದ ಘಾಟಕ್ಕ ಸ್ವಂತ ತಂಗಿಯದನ್ನು ನಾಲ್ಕು ಸಲ ಒರೆಸಿದಳು. ಊಟ ನಿದ್ದೆ ಬಿಟ್ಟು ಒರೆಸಿದಳು.

ಇನ್ನಿಬ್ಬರು ಬಾಣಂತಿಯರಿಗೂ ಕೀವಾದಾಗ ಲ್ಯಾಬಿನವಳು ಬಂದು ಹಾಸಿಗೆ, ಕತ್ತರಿ, ನಮ್ಮ ಕೈ, ಎಲ್ಲದರಿಂದಲೂ ಮಾದರಿ ತೆಗೆದುಕೊಂಡಳು. ಕ್ರಿಮಿ ಸಿಕ್ಕಿದ್ದು ಬಾಟಲಿಯಲ್ಲಿ.

ಅವಳು ನಮ್ಮನ್ನು ಕೂರಿಸಿ ವಿವರಿಸಿದಳು. ಔಷಧ ಕ್ರಿಮಿಯ ಹೊರಪೊರೆಯನ್ನು ಹರಿದು ಹಾಕುತ್ತದೆ, ಒಳಗಿರುವುದೆಲ್ಲ ಸೋರಿ ಅದು ಸಾಯುತ್ತದೆ. ಆದರೆ ಅದಕ್ಕೆ ಔಷಧ ಸಾಕಷ್ಟು ಕಟುವಾಗಿರಬೇಕು, ಸಾಕಷ್ಟು ಹೊತ್ತೂ ಸಿಗಬೇಕು. ತಳದಲ್ಲಿ ಉಳಿದ ಹಳೆಯ ನೀರು ಸಪ್ಪೆಯಾದಾಗ ಕೆಲವು ಗಟ್ಟಿಜೀವಗಳು ಬದುಕಿಕೊಂಡವು. ಬಾಟಲಿಯ ಒಳಮೈಗೆ ಲೋಳೆ ಕಟ್ಟಿಕೊಂಡು ಅದರ ಮರೆಯಲ್ಲಿ ಬೆಳೆದವು. ಮೇಲಿಂದ ಸುರಿದ ಹೊಸ ಔಷಧ ಆ ಲೋಳೆಯನ್ನು ದಾಟಿ ಅವುಗಳನ್ನು ಮುಟ್ಟಲೇ ಇಲ್ಲ.

ಘಾಟಕ್ಕ ಕೇಳಿದ್ದು ಒಂದೇ. "ನಾಲ್ಕು ಸಲ ಒರೆಸಿದ್ದಕ್ಕೇ ಅವಳಿಗೆ ಜಾಸ್ತಿ ಆಯ್ತಾ?"

ಲ್ಯಾಬಿನವಳು ಹೌದೆಂಬಂತೆ ತಲೆಯಾಡಿಸಿದಳು.

ಇಂಜೆಕ್ಷನ್ ಬದಲಿಸಿದ ಮೇಲೆ ಆ ಇಬ್ಬರು ಚೇತರಿಸಿಕೊಂಡರು. ತಂಗಿಯ ರಕ್ತಕ್ಕೆ ಆಗಲೇ ನಂಜು ಏರಿತ್ತು. ಒಂದು ಮಧ್ಯಾಹ್ನ ನಾನು ಅವಳ ಪಟ್ಟಿ ಬಿಚ್ಚಲು ಹೋದರೆ ನನ್ನ ಕೈ ತಳ್ಳಿ, ಅಕ್ಕನನ್ನೇ ಕರೆಯಿರಿ ಎಂದು ಹಟ ಹಿಡಿದಳು. ಘಾಟಕ್ಕ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕಾಲಿಡಲಿಲ್ಲ. ತಂಗಿ ಅವಳನ್ನು ಕಂಡು, ಪಕ್ಕದ ಮಗುವಿನ ಕಡೆ ಕಣ್ಣು ತೋರಿಸಿದಳು.

"ಇವಳನ್ನ ನೀನೇ ಸಾಕಕ್ಕ. ನಿನ್ನಷ್ಟು ಚೊಕ್ಕ ಕೈ ಯಾರದೂ ಇಲ್ಲ."

ಮಾರನೆಯ ಬೆಳಿಗ್ಗೆ ಅವಳು ತೀರಿಕೊಂಡಳು. ಮಗು ಹಸಿದು ಚೀರುತ್ತಿತ್ತು. ಎತ್ತಿಕೋ ಎಂದು ನಾನು ಅದನ್ನು ಘಾಟಕ್ಕನತ್ತ ಚಾಚಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒರಗಿದಳು.